ಅಂಬೇಡ್ಕರ್ ಅವರ ಭಾಷಾವ್ಯಾಸಂಗ

ಡಾ. ಬಿ. ಆರ್. ಅಂಬೇಡ್ಕರ್ (1891–1956) ಅವರನ್ನು ಸಂವಿಧಾನಶಿಲ್ಪಿಯೆಂದೂ ಅರ್ಥಶಾಸ್ತ್ರಜ್ಞರೆಂದೂ ನಾಡು ಬಲ್ಲದು. ವ್ಯಾಕರಣ ಹಾಗೂ ನಿಘಂಟುಗಳ ವ್ಯಾಸಂಗಿಯಾಗಿ ಅವರನ್ನು ಅರಿತವರು ವಿರಳ.

ಮಧ್ಯಭಾರತದ ಮಹೂವಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಮುಂಬಯಿಗೆ ಬಂದು ಪರೇಲಿನ ಚಾಳೊಂದರಲ್ಲಿ ವಾಸಿಸುತ್ತ ಓದಿದರು. ಶಾಲೆಯಲ್ಲಿ ಸಂಸ್ಕೃತ ಕಲಿಯುವ ಹಂಬಲವಿದ್ದರೂ ಅಸ್ಪೃಶ್ಯತೆಯ ಕಾರಣದಿಂದ ಆ ಅವಕಾಶ ದೊರೆಯಲಿಲ್ಲ, ಪಾರಸಿಯನ್ನು ಆಯ್ದುಕೊಳ್ಳಬೇಕಾಯಿತು. 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು.

1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ, ಇತಿಹಾಸಗಳೊಡನೆ ಪ್ರಾಥಮಿಕ ಫ್ರೆಂಚ್ ಹಾಗೂ ಜರ್ಮನ್ ತರಗತಿಗಳಿಗೂ ಸೇರಿದರು. ಸಂಶೋಧಕನಿಗೆ ಈ ಎರಡು ಭಾಷೆಗಳ ಗ್ರಂಥಗಳನ್ನು ಓದಬಲ್ಲ ಶಕ್ತಿ ಅವಶ್ಯವೆಂಬುದು ಅಂದಿನ ವಿದ್ವತ್ಪದ್ಧತಿ. ಇಂತಹ ಓದಿಗೆ ನಿಘಂಟೊಂದೇ ಸಾಲದು. ಫ್ರೆಂಚಿನಲ್ಲಿ ಹೋಗುವುದಕ್ಕೆ 'ಅಲೇ' ಎಂಬುದು ಮೂಲರೂಪ. ಉತ್ತಮ ಪುರುಷ ಏಕವಚನದಲ್ಲಿ ಅದು ವರ್ತಮಾನಕ್ಕೆ 'ವೇ', ಭವಿಷ್ಯತ್ತಿಗೆ 'ಇರೇ' ಎಂದಾಗುತ್ತದೆ. ಕ್ರಿಯಾರೂಪಗಳ ಪಟ್ಟಿಯನ್ನು ಬಲ್ಲವನಿಗೆ ಮಾತ್ರ ನಿಘಂಟಿನ ಪುಟ ಒದಗುತ್ತದೆ. ಜರ್ಮನ್ ಅಭ್ಯಾಸವು 1921ರಲ್ಲಿ ಫಲಿಸಿತು: ಬಾನ್ ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಅವರು ಆ ಭಾಷೆಯಲ್ಲಿಯೇ ಪತ್ರ ಬರೆದರು.

ಸಂಸ್ಕೃತದ ಕೊರತೆ ಅವರನ್ನು ಬಹುಕಾಲ ಬಾಧಿಸಿತು. ಶೂದ್ರರ ಮೂಲವನ್ನು ಕುರಿತ 1946ರ ಗ್ರಂಥದಲ್ಲಿ, ತಮಗೆ ಆ ಭಾಷೆಯ ಮೇಲೆ ಪ್ರಭುತ್ವವಿಲ್ಲವೆಂದು ಒಪ್ಪಿಕೊಂಡು, ಅನುವಾದಗಳ ದೀರ್ಘ ವ್ಯಾಸಂಗದಿಂದ ವಿಚಾರಮಾಡುವ ಅಧಿಕಾರ ತಮಗೂ ಉಂಟೆಂದು ಸಮರ್ಥಿಸಿಕೊಂಡರು. ಭಾಷಾಜ್ಞಾನವನ್ನು ನಿರಾಕರಿಸಿದ ಸಮಾಜವೇ ಆ ಅಜ್ಞಾನವನ್ನು ಅನರ್ಹತೆಯೆಂದು ಸಾರಬಹುದಾದ ಸನ್ನಿವೇಶವದು.

ಬೌದ್ಧಧರ್ಮದ ಅಧ್ಯಯನ ಅವರನ್ನು ಪಾಲಿಯತ್ತ ಕರೆದೊಯ್ದಿತು. ಇಲ್ಲಿ ಅವರು ಆಕರಗ್ರಂಥಗಳ ಓದುಗರಾಗಿ ನಿಲ್ಲದೆ ರಚನಕಾರರೂ ಆದರು. ಪಾಲಿ ನಿಘಂಟುಗಳು ಕ್ರಿಯಾಪದವನ್ನು ಸಾಮಾನ್ಯವಾಗಿ 'ಗಚ್ಛತಿ' ಎಂಬಂತೆ ಪ್ರಥಮಪುರುಷ ಏಕವಚನದಲ್ಲಿ ಕೊಡುತ್ತವೆ. 'ಗಮಿಸ್ಸತಿ' ಎಂಬ ಭವಿಷ್ಯದ್ರೂಪವನ್ನು ವ್ಯಾಕರಣದಿಂದಲೇ ತಿಳಿಯಬೇಕು. 'ಬಂದನು' ಎಂಬುದನ್ನು 'ಬರು' ಧಾತುವಿನಲ್ಲಿ ಅರಸಬೇಕಾದ ಕನ್ನಡದ ಹೊಸ ಕಲಿಕೆಗಾರನ ಪಾಡೂ ಇದೇ. ಅಂಬೇಡ್ಕರ್ ಪಾಲಿ ವ್ಯಾಕರಣವನ್ನೂ, ಪಾಲಿ ಪದಗಳಿಗೆ ಇಂಗ್ಲಿಷ್, ಮರಾಠಿ, ಹಿಂದಿ, ಗುಜರಾತಿ ಅರ್ಥಗಳನ್ನು ನೀಡುವ ಕೋಶವನ್ನೂ ಸಿದ್ಧಪಡಿಸಿದರು. 1956ರ ಡಿಸೆಂಬರ್ 6ರಂದು ಅವರು ನಿಧನರಾದಾಗ ಅವು ಅಚ್ಚಾಗಿರಲಿಲ್ಲ. 1998ರಲ್ಲಿ ಮಹಾರಾಷ್ಟ್ರ ಸರಕಾರವು ಅವರ ಸಮಗ್ರ ಬರಹಗಳ 16ನೆಯ ಸಂಪುಟವಾಗಿ ಪ್ರಕಟಿಸಿತು.

ಕೋಶವು ತನ್ನನ್ನು ತೆರೆಯುವವನ ಕುಲವನ್ನು ಕೇಳುವುದಿಲ್ಲ. ಒಂದು ಶಾಸ್ತ್ರಭಾಷೆಯಿಂದ ದೂರವಿರಿಸಲ್ಪಟ್ಟ ಬಾಲಕನು ಮತ್ತೊಂದು ಶಾಸ್ತ್ರಭಾಷೆಗೆ ಎಲ್ಲರೂ ಪ್ರವೇಶಿಸಬಹುದಾದ ದಾರಿಯನ್ನು ನಿರ್ಮಿಸಿದನೆಂಬುದು ಭಾಷಾವಿದ್ಯಾರ್ಥಿಗಳು ನೆನೆಯಬೇಕಾದ ಸಂಗತಿ.