ಕಲ್ಲಿನ ಲೆಕ್ಕ ಬಿಡಿಸಿದ ಆರ್ಥರ್ ಹೋಮ್ಸ್

ಧಾರವಾಡವೆಂದೊಡನೆ ನಮಗೆ ಪೇಡೆ, ಸಂಗೀತ, ಸಾಹಿತ್ಯಗಳು ನೆನಪಾಗುತ್ತವೆ. ಭೂಗರ್ಭಶಾಸ್ತ್ರಜ್ಞರಿಗಾದರೋ ಅದು ಅತಿ ಪುರಾತನವಾದ ಒಂದು ಶಿಲಾಸಮೂಹದ ಹೆಸರು. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು 1880ರ ದಶಕದಲ್ಲಿ ಕೊಟ್ಟ ಈ ಹೆಸರು ದೇಶವಿದೇಶಗಳ ಗ್ರಂಥಗಳಲ್ಲಿ ನೆಲೆಯೂರಿತು. ಆದರೆ ಆ ಕಲ್ಲುಗಳ ವಯಸ್ಸೆಷ್ಟು? ಈ ಪದರ ಹಳೆಯದು, ಆ ಪದರ ಹೊಸದು ಎಂದು ಅಂದಿನವರು ಹೇಳಬಲ್ಲವರಾಗಿದ್ದರೇ ಹೊರತು ಇಂತಿಷ್ಟು ವರ್ಷವೆಂದು ಹೇಳುವ ಸಾಧನ ಅವರಲ್ಲಿರಲಿಲ್ಲ. ಆ ಸಾಧನವನ್ನು ಲೋಕಕ್ಕೆ ಒದಗಿಸಿದವರಲ್ಲಿ ಅಗ್ರಗಣ್ಯರು ಆರ್ಥರ್ ಹೋಮ್ಸ್.

ಹೋಮ್ಸ್ ಅವರು ಹುಟ್ಟಿದ್ದು 1890ರ ಜನವರಿ 14ರಂದು, ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಬೆಳೆದದ್ದು ಗೇಟ್ಸ್‌ಹೆಡ್ ಪಟ್ಟಣದ ಒಂದು ಸಾಮಾನ್ಯ, ದೈವಭಕ್ತ ಕುಟುಂಬದಲ್ಲಿ. ಮನೆಯ ಬೈಬಲ್ಲಿನಲ್ಲಿ ಸೃಷ್ಟಿಯ ಕಾಲ ಕ್ರಿಸ್ತಪೂರ್ವ 4004 ಎಂದು ಅಚ್ಚಾಗಿತ್ತು. ಅದೇಕೆ ಸರಿಯಾಗಿ ನಾಲ್ಕು ಸಾವಿರವಲ್ಲ, ಮೇಲೆ ನಾಲ್ಕು ಏಕೆ ಎಂಬ ಕುತೂಹಲ ಬಾಲಕನನ್ನು ಕಾಡಿತು. ಇತ್ತ ವಿಜ್ಞಾನಿಗಳಲ್ಲಿಯೂ ಒಮ್ಮತವಿರಲಿಲ್ಲ. ಭೂಮಿ ತಣ್ಣಗಾಗಲು ಎರಡರಿಂದ ನಾಲ್ಕು ಕೋಟಿ ವರ್ಷ ಸಾಕೆಂದು ಲಾರ್ಡ್ ಕೆಲ್ವಿನ್ 1897ರಲ್ಲಿ ಸಾರಿದ್ದರು. ಅಷ್ಟು ಅಲ್ಪಕಾಲದಲ್ಲಿ ಪರ್ವತಗಳು ಎದ್ದು ಸವೆದು ಮತ್ತೆ ಏಳುವುದು ಹೇಗೆಂದು ಭೂಗರ್ಭಶಾಸ್ತ್ರಜ್ಞರು ಚಿಂತೆಗೀಡಾದರು.

ವಿದ್ಯಾರ್ಥಿವೇತನದ ಬಲದಿಂದ ಲಂಡನ್ನಿಗೆ ಹೋದ ಹೋಮ್ಸ್, ಭೌತಶಾಸ್ತ್ರಜ್ಞ ರಾಬರ್ಟ್ ಸ್ಟ್ರಟ್ ಅವರ ಬಳಿ ಸಂಶೋಧನೆಗೆ ತೊಡಗಿದರು. ಯುರೇನಿಯಂ ಎಂಬ ಧಾತು ತಾನಾಗಿಯೇ ಕ್ಷಯಿಸಿ ಕೊನೆಗೆ ಸೀಸವಾಗುತ್ತದೆ. ಇದನ್ನು ಅಸಲು-ಬಡ್ಡಿಯ ಲೆಕ್ಕದಂತೆ ಭಾವಿಸಬಹುದು. ಖನಿಜ ಹುಟ್ಟಿದ ದಿನ ಖಾತೆ ತೆರೆಯಿತು. ಯುರೇನಿಯಂ ಅಸಲು ಕರಗುತ್ತಾ ಸೀಸದ ಖಾತೆಗೆ ಜಮಾ ಆಗುತ್ತದೆ. ಮುಖ್ಯ ಬಗೆಯ ಯುರೇನಿಯಂ ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಬಿಸಿಲು, ಬೆಂಕಿ, ಒತ್ತಡ ಯಾವುದರಿಂದಲೂ ಈ ದರ ಬದಲಾಗದು. ಉಳಿದ ಅಸಲನ್ನೂ ಕೂಡಿದ ಸೀಸವನ್ನೂ ಅಳೆದರೆ ಕಾಲಾವಧಿ ತಾನೇ ಹೊರಬೀಳುತ್ತದೆ. ಹೋಮ್ಸ್ ಅವರ ಲೇಖನ 1911ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂದಾಗ ಅವರಿಗೆ ಇಪ್ಪತ್ತೊಂದೇ ವರ್ಷ. ನಾರ್ವೆಯ ಶಿಲೆಗೆ 37 ಕೋಟಿ, ಸಿಂಹಳದ ಖನಿಜಕ್ಕೆ 164 ಕೋಟಿ ವರ್ಷ! ಥೋರಿಯಂ ಕೂಡ ಸೀಸವಾಗುವುದು ಮುಂತಾದ ಸಂಗತಿಗಳು ಆಮೇಲೆ ತಿಳಿದು ಅಂಕಿಗಳು ತಿದ್ದುಪಡಿಯಾದವು. ಕೆಲ್ವಿನ್ನರ ಕೋಟೆ ಮಾತ್ರ ಅಂದೇ ಬಿರುಕುಬಿಟ್ಟಿತು.

ಆ ಲೇಖನ ಓದಲ್ಪಡುವ ಹೊತ್ತಿಗೆ ಲೇಖಕರು ಲಂಡನ್ನಿನಲ್ಲಿರಲಿಲ್ಲ. ವರ್ಷಕ್ಕೆ 60 ಪೌಂಡು ವಿದ್ಯಾರ್ಥಿವೇತನದಲ್ಲಿ ಜೀವನ ಸಾಗದೆ, ತಿಂಗಳಿಗೆ 35 ಪೌಂಡು ಸಂಬಳದ ಆಸೆಯಿಂದ ಖನಿಜಾನ್ವೇಷಣೆಗೆಂದು ಆಫ್ರಿಕದ ಮೊಜಾಂಬಿಕ್‌ಗೆ ತೆರಳಿದ್ದರು. ಅಲ್ಲಿ ಮಲೇರಿಯಾ ಎಷ್ಟು ಉಲ್ಬಣಿಸಿತೆಂದರೆ ಅವರು ತೀರಿಕೊಂಡರೆಂಬ ಸುದ್ದಿಯೇ ಸ್ವದೇಶಕ್ಕೆ ಹೋಯಿತು. ಹೇಗೋ ಬದುಕಿ ಹಿಂತಿರುಗಿ 1913ರಲ್ಲಿ ಭೂಮಿಯ ವಯಸ್ಸನ್ನು ಕುರಿತ ಗ್ರಂಥ ಪ್ರಕಟಿಸಿದರು. ಆದರೂ ಬಹುಮಂದಿ ಹಿರಿಯರು ಈ ಲೆಕ್ಕವನ್ನು ನಂಬಲಿಲ್ಲ.

ಸಂಸಾರ ಬೆಳೆದಂತೆ ಹಣದ ತೊಡಕು ಹೆಚ್ಚಿತು. 1920ರಲ್ಲಿ ಹೆಂಡತಿ ಮತ್ತು ಪುಟ್ಟ ಮಗನೊಡನೆ ಬರ್ಮಾದ ತೈಲ ಕಂಪನಿಯೊಂದರ ಕೆಲಸಕ್ಕೆ ಹೋದರು. ಕಂಪನಿ ದಿವಾಳಿಯಾಯಿತು. ಅದಕ್ಕಿಂತ ಘೋರವಾದ ಪೆಟ್ಟು ಬೇರೆ ಬಿದ್ದಿತು: ಮಗು ಆಮಶಂಕೆಯಿಂದ ಅಲ್ಲಿಯೇ ತೀರಿಕೊಂಡಿತು. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವರ ಸಂಕಟ ನಮ್ಮ ವಾಚಕರಿಗೆ ವಿವರಿಸಬೇಕಾದುದಲ್ಲ. ಬರಿಗೈಯಲ್ಲಿ ಮರಳಿದ ಹೋಮ್ಸ್ ಕೆಲಸವಿಲ್ಲದೆ ನ್ಯೂಕಾಸಲ್‌ನಲ್ಲಿ ಅಂಗಡಿ ನಡೆಸಿದರು. 1924ರಲ್ಲಿ ಡರ್ಹಮ್ ವಿಶ್ವವಿದ್ಯಾನಿಲಯ ಹೊಸ ಭೂಗರ್ಭಶಾಸ್ತ್ರ ವಿಭಾಗಕ್ಕೆ ಕರೆದಾಗ ಅವರ ಬಾಳು ಮತ್ತೆ ನೆಲೆಗೆ ಬಂದಿತು.

ಅಲ್ಲಿಂದ ಮುಂದೆ ಅವರು ಬಿಡಿಸಿದ ಗಂಟುಗಳಲ್ಲಿ ಪರ್ವತಶ್ರೇಣಿಗಳದು ಬಲು ಜಟಿಲವಾದುದು. ಪರ್ವತಗಳು ಏಳುವಾಗ ಶಿಲೆಗಳು ಭೂಮಿಯ ಆಳಕ್ಕೆ ಸಿಕ್ಕಿ, ಕಾದು, ಅದುಮಲ್ಪಟ್ಟು ರೂಪಾಂತರ ಹೊಂದುತ್ತವೆ. ಹಳೆಯ ಖನಿಜಗಳು ಅಳಿದು ಹೊಸವು ಹುಟ್ಟುತ್ತವೆ. ಒಂದು ಕಲ್ಲಿನಲ್ಲಿಯೇ ಹಲವು ಖಾತೆಗಳು! ಜಿರ್ಕಾನ್ ಎಂಬ ಗಟ್ಟಿ ಹರಳು ಸುಲಭವಾಗಿ ಸೀಸವನ್ನು ಬಿಟ್ಟುಕೊಡದೆ ಮೂಲ ಜನ್ಮದ ಲೆಕ್ಕವನ್ನು ಕಾಪಾಡುತ್ತದೆ. ಅಭ್ರಕವಾದರೋ ಪೊಟ್ಯಾಸಿಯಂನಿಂದ ಹುಟ್ಟಿದ ಆರ್ಗಾನ್ ಅನಿಲವನ್ನು ಸುಮಾರು 300 ಡಿಗ್ರಿ ಶಾಖಕ್ಕೇ ಬಿಟ್ಟುಬಿಡುತ್ತದೆ. ತಣ್ಣಗಾದ ಮೇಲೆ ಹೊಸ ಖಾತೆ ಆರಂಭ. ಆದ್ದರಿಂದ ಹಿಮಾಲಯದ ಒಂದೇ ಬಂಡೆಯಲ್ಲಿ ಜಿರ್ಕಾನ್ ನೂರು ಕೋಟಿಗೂ ಮೀರಿದ ವಯಸ್ಸನ್ನು ತೋರಿಸಿದರೆ, ಪಕ್ಕದ ಅಭ್ರಕ ಎರಡು ಕೋಟಿಯನ್ನಷ್ಟೇ ತೋರಿಸಬಹುದು. ಎರಡೂ ಸುಳ್ಳಲ್ಲ. ಒಂದು ಹುಟ್ಟಿದ ಕಾಲವನ್ನೂ ಇನ್ನೊಂದು ಪರ್ವತವು ಮೇಲೆದ್ದು ಆರಿದ ಕಾಲವನ್ನೂ ಹೇಳುತ್ತವೆ. ಈ ವಿವೇಕ ಅನೇಕರ ದುಡಿಮೆಯಿಂದ ಮುಂದೆ ಪಕ್ವವಾಯಿತು.

ಪರ್ವತ ಏಳುವಾಗ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದ ಶಿಲಾದ್ರವದಲ್ಲಿ ಯುರೇನಿಯಂ ಖನಿಜಗಳು ದೊರಕುವುದುಂಟು. ಅಂಥವುಗಳ ವಯಸ್ಸುಗಳನ್ನು ಕಲೆಹಾಕಿ, ಸವೆದು ನೆಲಸಮವಾದ ಪ್ರಾಚೀನ ಪರ್ವತಶ್ರೇಣಿಗಳನ್ನು ಆಫ್ರಿಕದಲ್ಲಿ ಕಾಲಾನುಕ್ರಮವಾಗಿ ಬೇರ್ಪಡಿಸಿ ಹೋಮ್ಸ್ 1951ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದಕ್ಕೆ ಅವರಿತ್ತ ಹೆಸರು ಮೊಜಾಂಬಿಕ್ ಪಟ್ಟಿ. ಯೌವನದಲ್ಲಿ ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದ ನೆಲಕ್ಕೆ ನಲವತ್ತು ವರ್ಷಗಳ ತರುವಾಯ ಅವರು ಸಲ್ಲಿಸಿದ ಕಾಣಿಕೆಯದು!

ನಮ್ಮ ದೇಶದ ಕಡೆಗೂ ಅವರ ದೃಷ್ಟಿ ಹರಿದಿತ್ತು. ರಾಜಪುಟಾಣ ಮತ್ತು ಗಯಾ ಜಿಲ್ಲೆಯ ಖನಿಜಗಳ ಕಾಲವನ್ನು ಅವರು ನಿರ್ಣಯಿಸಿದರು. 1955ರಲ್ಲಿ ಭಾರತ ಪರ್ಯಾಯದ್ವೀಪ ಮತ್ತು ಸಿಂಹಳಗಳ ಪುರಾತನ ಶಿಲೆಗಳ ಕಾಲಗಣನೆಯನ್ನು ಕುರಿತು ಲೇಖನ ಬರೆದರು. ನಮ್ಮ ಧಾರವಾಡದ ಶಿಲಾಸಮೂಹವೂ ಹೀಗೆ ಅವರ ಲೆಕ್ಕದ ಪುಸ್ತಕಕ್ಕೆ ಸೇರಿತು.

ಖಂಡಗಳನ್ನು ಸರಿಸುವ ಶಕ್ತಿ ಭೂಮಿಯ ಒಡಲೊಳಗಿನ ಶಾಖದ ಸುಳಿಗಳಲ್ಲಿದೆಯೆಂದು 1920ರ ದಶಕದಲ್ಲಿಯೇ ಸೂಚಿಸಿದವರು ಇವರು. ಖಂಡಗಳು ಚಲಿಸುತ್ತವೆಂಬುದನ್ನು ವಿದ್ವತ್ಪ್ರಪಂಚ ಒಪ್ಪಿದ್ದು 1960ರ ದಶಕದಲ್ಲಿ. 1943ರಲ್ಲಿ ಎಡಿನ್‌ಬರೊದಲ್ಲಿ ಪ್ರಾಧ್ಯಾಪಕರಾದರು. ಅವರ 1944ರ ಪಠ್ಯಗ್ರಂಥ ತಲೆಮಾರುಗಳ ವಿದ್ಯಾರ್ಥಿಗಳಿಗೆ ದಾರಿದೀಪವಾಯಿತು. 1946ರಲ್ಲಿ ಭೂಮಿಯ ವಯಸ್ಸನ್ನು ಸುಮಾರು 300 ಕೋಟಿ ವರ್ಷವೆಂದು ಎಣಿಸಿದರು. 1956ರಲ್ಲಿ ಕ್ಲೇರ್ ಪ್ಯಾಟರ್‌ಸನ್ ಅದನ್ನು 455 ಕೋಟಿಗೆ ಏರಿಸಿದ್ದನ್ನು ಕಣ್ಣಾರೆ ಕಂಡು, 1965ರ ಸೆಪ್ಟೆಂಬರ್ 20ರಂದು ಹೋಮ್ಸ್ ಕಣ್ಮುಚ್ಚಿದರು.

ಹಾಸನ ಜಿಲ್ಲೆಯ ಗೊರೂರಿನ ಶಿಲೆಗಳಿಗೆ ಸುಮಾರು 330 ಕೋಟಿ ವರ್ಷ, ರಾಮನಗರದ ಬೆಟ್ಟಗಳ ಕಲ್ಲಿಗೆ ಸುಮಾರು 250 ಕೋಟಿ ವರ್ಷ ಎಂದು ಇಂದಿನ ವಿಜ್ಞಾನಿಗಳು ಎಣಿಸಿದ್ದಾರೆ. ರಜೆಗೆ ಊರಿಗೆ ಹೋಗುವಾಗ ರೈಲಿನ ಕಿಟಕಿಯಾಚೆ ಆ ಬಂಡೆಗಳು ಕಂಡರೆ ಮಕ್ಕಳಿಗೆ ತೋರಿಸಿ ಈ ಅಂಕಿಗಳನ್ನು ಹೇಳೋಣ. ಜೊತೆಗೆ, ಕಲ್ಲಿನೊಳಗಿನ ಲೆಕ್ಕವನ್ನು ಓದುವ ವಿದ್ಯೆಗಾಗಿ ಬಡತನ, ರೋಗ, ಪುತ್ರಶೋಕಗಳ ನಡುವೆಯೂ ದುಡಿದ ಆ ಪರದೇಶದ ಮಹನೀಯರ ಹೆಸರನ್ನೂ ಹೇಳೋಣ.