ಸರ್ ರೊನಾಲ್ಡ್ ರಾಸ್: ಸೊಳ್ಳೆಗಳ ಲೆಕ್ಕವಿಟ್ಟ ವೈದ್ಯರು

ಮಲೇರಿಯಾ ಜ್ವರವು ಸೊಳ್ಳೆಯಿಂದ ಹರಡುವುದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸರ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆದರೆ ತಮ್ಮ ಜೀವಮಾನದ ಮುಖ್ಯ ಕಾರ್ಯವೆಂದು ಅವರು ಬಗೆದುದು ಸಾಂಕ್ರಾಮಿಕ ರೋಗಗಳು ಏರಿ ಇಳಿಯುವ ನಿಯಮಗಳನ್ನು ಗಣಿತದಿಂದ ಸಾಧಿಸಿದುದನ್ನು. ಲೋಕವು ಇದನ್ನು ಬಹುಕಾಲ ಮರೆತಿತ್ತು.

ರಾಸರು 1857ನೆಯ ಇಸವಿ ಮೇ 13ರಂದು ಹಿಮಾಲಯದ ಮಡಿಲಿನ ಆಲ್ಮೋರದಲ್ಲಿ ಜನಿಸಿದರು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರು ದಿನಗಳಾಗಿದ್ದುವು. ತಂದೆ ಸೇನಾಧಿಕಾರಿ. ಮಗನ ಮನಸ್ಸು ಕಾವ್ಯ, ಸಂಗೀತ, ಚಿತ್ರಗಳ ಕಡೆಗೆ ಒಲಿದಿದ್ದರೂ ಪಿತೃವಾಕ್ಯವನ್ನು ಮೀರಲಾರದೆ ಲಂಡನ್ನಿನಲ್ಲಿ ವೈದ್ಯವನ್ನು ಕಲಿತು, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಮದರಾಸು ಪ್ರಾಂತದ ದಂಡುಗಳಲ್ಲಿ ದೊರೆತ ಬಿಡುವಿನಲ್ಲಿ ಗುರುವಿಲ್ಲದೆಯೇ ಗಣಿತವನ್ನು ಅಭ್ಯಾಸಮಾಡಿದರು.

1883ರಲ್ಲಿ ಅವರು ಬೆಂಗಳೂರು ದಂಡಿಗೆ ಬಂದರು. ಬಂಗಲೆಯಲ್ಲಿ ಸೊಳ್ಳೆಯ ಕಾಟ ಅತಿಯಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಹೊರಳಾಡುತ್ತಿದ್ದುದನ್ನು ಕಂಡು ಅದನ್ನು ಬೋರಲು ಹಾಕಿಸಲು, ಕಾಟವು ತಗ್ಗಿತು. ಉಳಿದ ಪಾತ್ರೆಗಳನ್ನೂ ಬರಿದುಮಾಡಿಸಬೇಕೆಂದು ಕೇಳಿದಾಗ ಮೇಲಿನ ಅಧಿಕಾರಿಯು ಸೃಷ್ಟಿನಿಯಮಕ್ಕೆ ಕೈ ಹಾಕಬಾರದೆಂದು ಅಲ್ಲಗಳೆದನು. ಮುಂದೆ ರಾಸರು ಜೀವಮಾನವೆಲ್ಲ ಹೋರಾಡಬೇಕಾದ ಮನೋಭಾವವು ಇದೇ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಆನಾಫಿಲಿಸ್ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಮಲೇರಿಯಾ ಜೀವಾಣುವು ಬೆಳೆಯುತ್ತಿರುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಆ ಸೊಳ್ಳೆಗೆ ರಕ್ತವನ್ನಿತ್ತವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿದ ಒಂದೊಂದು ಸೊಳ್ಳೆಗೂ ಅವನಿಗೆ ಒಂದೊಂದಾಣೆ ಸಲ್ಲುತ್ತಿತ್ತು. ಅನ್ವೇಷಣೆಯು ಕೈಗೂಡುತ್ತಿದ್ದಂತೆಯೇ ಸರ್ಕಾರವು ಅವರನ್ನು ರಾಜಪುತಾನದ ಖೇರವಾಡಕ್ಕೆ ವರ್ಗಮಾಡಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ಜೀವಾಣುವು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರಿ ಕಡಿತದಿಂದ ದಾಟುವುದನ್ನು ಸ್ಥಾಪಿಸಿದರು. ಅಲ್ಲಿ ನೆರವಾದ ಮಹಮ್ಮದ್ ಬಕ್ಸ್ ಮತ್ತು ಕಿಶೋರಿ ಮೋಹನ ಬಂದ್ಯೋಪಾಧ್ಯಾಯರನ್ನು ನಾವು ಮರೆಯಲಾಗದು. 1902ರಲ್ಲಿ ರಾಸರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಕೀರ್ತಿಯು ಬಂದರೂ ಕಾರ್ಯವು ಸಾಗಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಸೊಳ್ಳೆಗಳನ್ನು ನಾಶಮಾಡುವ ಪ್ರಯತ್ನವು ನಿರೀಕ್ಷಿತ ಫಲ ಕೊಡದಿರಲು, ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಅಶಕ್ಯ, ಆದುದರಿಂದ ಯತ್ನವೇ ವ್ಯರ್ಥ ಎಂಬ ವಾದವು ಬಲವಾಯಿತು. ಎಲ್ಲವನ್ನೂ ಕೊಲ್ಲಬೇಕೆಂದು ಯಾರು ಹೇಳಿದರು? ರಾಸರು ಅಂಕೆಗಳಿಂದ ಉತ್ತರವಿತ್ತರು.

1907-08ರಲ್ಲಿ ಮಾರಿಷಸ್ ದ್ವೀಪಕ್ಕೆ ಹೋಗಿ ಬಂದು ಬರೆದ ವರದಿಯಲ್ಲಿಯೂ, ಅನಂತರದ ಗ್ರಂಥದಲ್ಲಿಯೂ ಅವರು ಈ ಲೆಕ್ಕವನ್ನು ವಿವರಿಸಿದರು. ಸಾವಿರ ಜನರ ಊರಿನಲ್ಲಿ ಒಬ್ಬನೇ ರೋಗಿಯಿರುವನೆಂದೂ, ಆನಾಫಿಲಿಸ್ ಸೊಳ್ಳೆಗಳು 48,000 ಇವೆಯೆಂದೂ ಭಾವಿಸಿರಿ. ಅವುಗಳಲ್ಲಿ ಕಾಲುಪಾಲು, ಎಂದರೆ 12,000, ಮನುಷ್ಯರನ್ನು ಕಚ್ಚಿದರೆ, ಆ ಒಬ್ಬ ರೋಗಿಯ ಪಾಲಿಗೆ ಬರುವುವು ಹನ್ನೆರಡು. ಜೀವಾಣುವು ಪಕ್ವವಾಗುವ ತನಕ ಬದುಕುವುವು ನಾಲ್ಕು. ಅವುಗಳಲ್ಲಿ ಮತ್ತೊಬ್ಬನನ್ನು ಕಚ್ಚುವುದು ಒಂದು. ಒಬ್ಬ ರೋಗಿಯಿಂದ ಹೊಸ ರೋಗಿಯೂ ಒಬ್ಬನೇ! ಸೊಳ್ಳೆಗಳು ಇದಕ್ಕಿಂತ ಕಡಮೆಯಾದರೆ, ಗುಣಹೊಂದುವವರ ಸಂಖ್ಯೆಯು ಹೊಸ ರೋಗಿಗಳ ಸಂಖ್ಯೆಯನ್ನು ಮೀರಿ, ಸೊಳ್ಳೆಗಳಿದ್ದೂ ರೋಗವು ತಾನಾಗಿ ನಂದಿಹೋಗುವುದು. ಎಣ್ಣೆ ತೀರುವುದಕ್ಕೆ ಮೊದಲೇ ದೀಪವನ್ನು ಆರಿಸಬಹುದೆಂಬುದೇ ಇದರ ತಾತ್ಪರ್ಯ.

1911ರಲ್ಲಿ ಅವರು ಇದನ್ನೇ ಸಮೀಕರಣಗಳ ರೂಪಕ್ಕೆ ತಂದರು; 1916-17ರಲ್ಲಿ ಹಿಲ್ಡಾ ಹಡ್ಸನ್ ಎಂಬ ಗಣಿತ ವಿದುಷಿಯ ನೆರವಿನಿಂದ ಎಲ್ಲ ಸಾಂಕ್ರಾಮಿಕಗಳಿಗೂ ವಿಸ್ತರಿಸಿದರು. ಅವರಿಂದ ಪ್ರೇರಿತರಾದ ಮೆಕೆಂಡ್ರಿಕ್ ಎಂಬ ವೈದ್ಯರು ಕರ್ಮಾಕರೊಡನೆ 1927ರಲ್ಲಿ ರಚಿಸಿದ ಸಿದ್ಧಾಂತವನ್ನು ಮುಂಬಯಿಯ 1905-06ರ ಪ್ಲೇಗಿನ ಅಂಕೆಗಳೊಡನೆ ಹೋಲಿಸಿ ನೋಡಿದರು. ರೋಗವು ತಗಲಬಹುದಾದವರೆಲ್ಲ ತೀರುವ ಮೊದಲೇ ಸಾಂಕ್ರಾಮಿಕವು ಏಕೆ ಅಡಗುವುದೆಂಬುದು ಅದರಿಂದ ಸ್ಪಷ್ಟವಾಯಿತು.

2020ರಿಂದೀಚೆಗೆ ಕೊರೋನಾ ವೈರಾಣುವು ರೂಪವನ್ನು ಬದಲಿಸುತ್ತ ಅಲೆಯಲೆಯಾಗಿ ಬಂದಾಗ ಗಣಿತಜ್ಞರು ಹಿಡಿದುದೂ ಈ ದಾರಿಯನ್ನೇ. ಹೊಸ ರೂಪದ ವೈರಾಣುವಿಗೆ ಬೇರೆ ಲೆಕ್ಕವಿಟ್ಟು, ಅದರ ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ತಗಲುವುದೆಂದು ಹಳೆಯದರೊಡನೆ ಹೋಲಿಸುವರು. ಹೆಚ್ಚು ಹರಡಬಲ್ಲುದೇ ಉಳಿದುದನ್ನು ಒತ್ತರಿಸುವುದು. ರೋಗವು ಹರಡಿದಷ್ಟೂ ವೈರಾಣುವಿನ ನಕಲುಗಳು ಹೆಚ್ಚುವುವು; ನಕಲು ಹೆಚ್ಚಿದಷ್ಟೂ ಮಾರ್ಪಾಡಿಗೆ ಅವಕಾಶಗಳು ಹೆಚ್ಚುವುವು. ಹರಡುವಿಕೆಯನ್ನು ತಗ್ಗಿಸುವುದೆಂದರೆ ಇಂದಿನ ರೋಗಿಯನ್ನಲ್ಲದೆ ನಾಳಿನ ಹೊಸ ರೂಪವನ್ನೂ ತಡೆಯುವುದೆಂದಾಯಿತು.

ರಾಸರಲ್ಲಿ ದೋಷಗಳಿಲ್ಲದಿರಲಿಲ್ಲ. ಇಟಲಿಯ ಗ್ರಾಸಿಯವರೊಡನೆ ಅನ್ವೇಷಣೆಯ ಕೀರ್ತಿಗಾಗಿ ವರ್ಷಾನುವರ್ಷ ಕಲಹವಾಡಿದರು. ತಮಗೆ ತಕ್ಕ ಮನ್ನಣೆಯಾಗಲಿಲ್ಲವೆಂಬ ಕಹಿಯು ಕಡೆಯ ತನಕವೂ ಉಳಿಯಿತು. 1932ರ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ಕಾಲವಾದರು.

ಪೂರ್ಣ ಸಿದ್ಧಿಯು ಅಸಾಧ್ಯವೆಂದು ಕೈಕಟ್ಟಿ ಕುಳಿತುಕೊಳ್ಳುವುದು ಅಧಿಕಾರಸ್ಥರ ಹಳೆಯ ರೂಢಿ. ಎಷ್ಟು ಮಾಡಿದರೆ ಸಾಕೆಂಬುದನ್ನು ಎಣಿಸಿ ಹೇಳಿ, ಆ ನೆಪವನ್ನು ಅವರ ಕೈಯಿಂದ ಕಸಿದುಕೊಂಡುದೇ ರಾಸರು ಮಾಡಿದ ಮಹೋಪಕಾರ. ನಮ್ಮ ಊರುಗಳಲ್ಲಿ ನಿಂತ ನೀರು ಇರುವ ತನಕ ಆ ಲೆಕ್ಕವು ನಮ್ಮ ಮುಂದೆಯೂ ಇರತಕ್ಕುದು.