ಶಸ್ತ್ರವೈದ್ಯರನ್ನು ಬೆಳೆಸಿದ ಡಾ. ಚಾರ್ಲ್ಸ್ ಡ್ರೂ

ಬೋಧನಾಭ್ಯಾಸದ ಮೂರನೇ ವಾರ ಹತ್ತನೇ ತರಗತಿಗೆ ರಕ್ತದ ಪಾಠ ನನ್ನ ಪಾಲಿಗೆ ಬಂತು. ಪ್ಲಾಸ್ಮಾ, ಕೆಂಪು ರಕ್ತಕಣ, ಬಿಳಿ ರಕ್ತಕಣ ಎಂದು ಚಾರ್ಟ್ ಬರೆದುಕೊಂಡು ಹೋಗಿದ್ದೆ. ಕೊನೆಯ ಐದು ನಿಮಿಷ ಮಕ್ಕಳಿಗೆ ಆಸಕ್ತಿ ಹುಟ್ಟಲೆಂದು ಅಮೆರಿಕದ ಡಾ. ಚಾರ್ಲ್ಸ್ ಡ್ರೂ ಅವರ ಕಥೆ ಹೇಳಿದೆ. ರಕ್ತವನ್ನು ಕೂಡಿಡುವ ವಿಧಾನಕ್ಕಾಗಿ ದುಡಿದ ಈ ಕಪ್ಪು ವೈದ್ಯರು ಅಪಘಾತದಲ್ಲಿ ಗಾಯಗೊಂಡಾಗ ಬಿಳಿಯರ ಆಸ್ಪತ್ರೆ ಅವರಿಗೆ ರಕ್ತ ಕೊಡಲಿಲ್ಲ, ಅದರಿಂದಲೇ ತೀರಿಕೊಂಡರು ಎಂದೆ. ತರಗತಿ ಸ್ತಬ್ಧವಾಯಿತು. ನನಗೂ ಹೆಮ್ಮೆಯಾಯಿತು. ಹಿಂದೆ ಕುಳಿತಿದ್ದ ಮಾರ್ಗದರ್ಶಿ ಶಿಕ್ಷಕಿಯವರು ವೀಕ್ಷಣಾ ಪುಸ್ತಕದಲ್ಲಿ ಪಾಠ ಚೆನ್ನಾಗಿತ್ತೆಂದು ಬರೆದು, ಅದರ ಕೆಳಗೆ ಈ ಮಾಹಿತಿ ಎಲ್ಲಿಯದು ಎಂದು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲೋ ಓದಿದ್ದು. ಹುಡುಕುತ್ತ ಹೋದಾಗ ಅದು ಸುಳ್ಳೆಂದು ತಿಳಿಯಿತು.

ಡ್ರೂ ಹುಟ್ಟಿದ್ದು 1904ರ ಜೂನ್ 3ರಂದು, ವಾಷಿಂಗ್ಟನ್ ನಗರದಲ್ಲಿ. ತಂದೆಯವರದು ಕಾರ್ಪೆಟ್ ಹಾಸುವ ಕೆಲಸ. ತಾಯಿ ನಮ್ಮಂತೆಯೇ ಶಿಕ್ಷಕ ತರಬೇತಿ ಪಡೆದವರು, ಆದರೆ ಆ ವೃತ್ತಿಗೆ ಇಳಿಯಲಿಲ್ಲ. ಡ್ರೂ ಓದಿದ್ದು ಕಪ್ಪು ಮಕ್ಕಳಿಗಾಗಿಯೇ ಇದ್ದ ಡನ್‌ಬಾರ್ ಪ್ರೌಢಶಾಲೆಯಲ್ಲಿ. ಅಲ್ಲಿನ ಶಿಕ್ಷಕರಲ್ಲಿ ಹಲವರು ದೊಡ್ಡ ವಿಶ್ವವಿದ್ಯಾಲಯಗಳ ಪದವೀಧರರು. ಬಣ್ಣದ ಕಾರಣಕ್ಕೆ ಬೇರೆಡೆ ಅವರಿಗೆ ಬಾಗಿಲು ಮುಚ್ಚಿದ್ದರಿಂದ ಆ ಶಾಲೆಯ ಮಕ್ಕಳಿಗೆ ಅಂಥವರು ಸಿಕ್ಕಿದ್ದರು. ಡ್ರೂ ಹದಿಹರೆಯದಲ್ಲಿರುವಾಗ ತಂಗಿ ಎಲ್ಸಿ ತೀರಿಕೊಂಡಳು.

ಆಟದಲ್ಲಿ ಗಟ್ಟಿಗರಾಗಿದ್ದ ಅವರು 1926ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಪದವಿ ಮುಗಿಸಿದರು. ವೈದ್ಯಕೀಯ ಓದಲು ಹಣವಿರಲಿಲ್ಲ. ಬಾಲ್ಟಿಮೋರಿನ ಮಾರ್ಗನ್ ಕಾಲೇಜಿನಲ್ಲಿ ಎರಡು ವರ್ಷ ಜೀವಶಾಸ್ತ್ರ, ರಸಾಯನಶಾಸ್ತ್ರ ಕಲಿಸುತ್ತ ಆಟಗಳ ತರಬೇತಿಯನ್ನೂ ಕೊಟ್ಟರು. (ಸಿಬಿಝಡ್ ಓದಿದ ನನಗೆ ಈ ಭಾಗ ಬಹಳ ಇಷ್ಟ.) ಹೊವರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಇಂಗ್ಲಿಷ್ ವಿಷಯದ ಕ್ರೆಡಿಟ್ ಸಾಲದೆಂದು ಅವರನ್ನು ಸೇರಿಸಿಕೊಳ್ಳಲಿಲ್ಲ. ಕೆನಡಾದ ಮ್ಯಾಕ್‌ಗಿಲ್‌ಗೆ ಹೋಗಿ 1933ರಲ್ಲಿ ವೈದ್ಯರಾದರು. ಅಲ್ಲಿ ಜಾನ್ ಬೀಟಿ ಎಂಬ ಅಧ್ಯಾಪಕರು ರಕ್ತ ಪೂರಣದ ಕಡೆಗೆ ಅವರ ಗಮನ ತಿರುಗಿಸಿದರು.

ಮುಂದಿನದು ಪುಸ್ತಕಗಳಲ್ಲಿ ಸಿಗುವ ಡ್ರೂ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಕಡರ್ ಜೊತೆ ಸಂಗ್ರಹಿಸಿಟ್ಟ ರಕ್ತದ ಮೇಲೆ ಸಂಶೋಧನೆ, 1940ರಲ್ಲಿ ಡಾಕ್ಟರೇಟ್. ಇಡೀ ರಕ್ತ ಬೇಗ ಕೆಡುತ್ತದೆ, ಕಣಗಳನ್ನು ಬೇರ್ಪಡಿಸಿದ ಪ್ಲಾಸ್ಮಾ ಹೆಚ್ಚು ದಿನ ಉಳಿಯುತ್ತದೆ. ಅದೇ ವರ್ಷ ಯುದ್ಧದಲ್ಲಿದ್ದ ಬ್ರಿಟನ್ನಿಗಾಗಿ ನ್ಯೂಯಾರ್ಕಿನಲ್ಲಿ ಸುಮಾರು 14,500 ಜನರಿಂದ ರಕ್ತ ಪಡೆದು ಪ್ಲಾಸ್ಮಾ ಕಳಿಸಿದ ಯೋಜನೆಯ ವೈದ್ಯಕೀಯ ಹೊಣೆ ಅವರದಾಯಿತು. ಇಷ್ಟಾದರೂ ಅಮೆರಿಕದ ರೆಡ್ ಕ್ರಾಸ್ ಮೊದಲು ಕಪ್ಪು ಜನರ ರಕ್ತವನ್ನೇ ತೆಗೆದುಕೊಳ್ಳಲಿಲ್ಲ, 1942ರಿಂದ ತೆಗೆದುಕೊಂಡರೂ ಬೇರೆ ಇಟ್ಟಿತು. ಇದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಡ್ರೂ ಬಹಿರಂಗವಾಗಿಯೇ ಹೇಳಿದರು.

ನಾನು ತರಗತಿಯಲ್ಲಿ ಬಿಟ್ಟದ್ದು ಇದರ ನಂತರದ ಒಂಬತ್ತು ವರ್ಷ.

1941ರಲ್ಲಿ ಅವರು ವಾಷಿಂಗ್ಟನ್ನಿಗೆ ಮರಳಿದರು, ಹಿಂದೆ ತಮ್ಮನ್ನು ಸೇರಿಸಿಕೊಳ್ಳದ ಹೊವರ್ಡ್‌ನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿ. ವೈದ್ಯ ಪದವಿ ಸಿಕ್ಕ ಮಾತ್ರಕ್ಕೆ ಯಾರೂ ಶಸ್ತ್ರವೈದ್ಯರಾಗುವುದಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಬೇಕು. ನಮಗೆ ಬೋಧನಾಭ್ಯಾಸ ಇದ್ದಂತೆ, ಆದರೆ ಬಹಳ ದೀರ್ಘವಾದದ್ದು. ಅಂದಿನ ಅಮೆರಿಕದಲ್ಲಿ ಕಪ್ಪು ಪದವೀಧರರನ್ನು ಹೀಗೆ ತರಬೇತಿಗೆ ತೆಗೆದುಕೊಳ್ಳುವ ಆಸ್ಪತ್ರೆಗಳು ತೀರ ಕಡಿಮೆ. ಹೊವರ್ಡ್‌ಗೆ ಸೇರಿದ ಫ್ರೀಡ್‌ಮೆನ್ಸ್ ಆಸ್ಪತ್ರೆಯನ್ನು ಡ್ರೂ ಅಂಥ ತರಬೇತಿಯ ಜಾಗವಾಗಿ ಕಟ್ಟಿದರು. ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯ ಮೊದಲ ಕಪ್ಪು ಪರೀಕ್ಷಕರೂ ಅವರೇ ಆದ್ದರಿಂದ ದೇಶಮಟ್ಟದ ಪರೀಕ್ಷೆ ಏನು ಕೇಳುತ್ತದೆಂದು ಅವರಿಗೆ ಗೊತ್ತಿತ್ತು. ತಮ್ಮವರೆಂದು ಅಳತೆಗೋಲು ತಗ್ಗಿಸಲಿಲ್ಲ. ಶಿಷ್ಯರು ಬೇರೆ ಆಸ್ಪತ್ರೆಗಳಲ್ಲೂ ಕಲಿಯಲಿ ಎಂದು ಅವಕಾಶ ಹುಡುಕಿದರು. ಸ್ಥಳೀಯ ವೈದ್ಯ ಸಂಘ ಕಪ್ಪು ವೈದ್ಯರನ್ನು ಹೊರಗಿಟ್ಟಿದ್ದರಿಂದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಸದಸ್ಯತ್ವವೂ ಅವರಿಗೆ ಸಿಗುತ್ತಿರಲಿಲ್ಲ. 1947ರಲ್ಲಿ ಡ್ರೂ ಇದನ್ನು ಪ್ರತಿಭಟಿಸಿ ಆ ಸಂಸ್ಥೆಗೇ ಪತ್ರ ಬರೆದರು. ಸದಸ್ಯತ್ವ ಕೊನೆಗೂ ಸಿಗಲಿಲ್ಲ.

1941ರಿಂದ 1950ರವರೆಗೆ ಆ ಬೋರ್ಡಿನ ಮಾನ್ಯತೆ ಪಡೆದ ಕಪ್ಪು ಶಸ್ತ್ರವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರ ಶಿಷ್ಯರು. ಸಂಖ್ಯೆಯಲ್ಲಿ ಎಂಟು. ಓದುವಾಗ ಇಷ್ಟೇ ಏನು ಎನಿಸಿತು. ಅರ್ಧಕ್ಕಿಂತ ಹೆಚ್ಚು ಎಂಬುದನ್ನು ಮತ್ತೆ ಓದಿದಾಗ ಆ ದೇಶದ ಸ್ಥಿತಿ ಅರ್ಥವಾಯಿತು. ಅವರಲ್ಲಿ ಪಾಠ ಕೇಳಿದ್ದ ಲಾಸಾಲ್ ಲೆಫಾಲ್ 1995ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್‌ನ ಮೊದಲ ಕಪ್ಪು ಅಧ್ಯಕ್ಷರಾದರು.

1950ರ ಏಪ್ರಿಲ್ 1ರ ಬೆಳಗ್ಗೆ ಡ್ರೂ ಇನ್ನು ಮೂವರು ವೈದ್ಯರ ಜೊತೆ ಅಲಬಾಮಾದ ಟಸ್ಕೀಗಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ವೈದ್ಯಕೀಯ ಶಿಬಿರಕ್ಕೆ ಕಾರಿನಲ್ಲಿ ಹೊರಟಿದ್ದರು. ನಾರ್ತ್ ಕೆರೊಲಿನಾದಲ್ಲಿ ಸ್ಟಿಯರಿಂಗ್ ಹಿಡಿದಿದ್ದ ಅವರಿಗೆ ನಿದ್ದೆ ಹತ್ತಿ ಕಾರು ಉರುಳಿತು. ಹತ್ತಿರದ ಆಸ್ಪತ್ರೆಯಲ್ಲಿ ಬಿಳಿಯ ವೈದ್ಯರು ಅವರಿಗೆ ಚಿಕಿತ್ಸೆ ಕೊಟ್ಟರು. ಬದುಕಿಸಲಾಗದಷ್ಟು ಪೆಟ್ಟಾಗಿತ್ತು. ಆಗ ಅವರಿಗೆ 45 ವರ್ಷ. ಆ ಕಾಲದಲ್ಲಿ ಆಸ್ಪತ್ರೆಗಳು ಕಪ್ಪು ರೋಗಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದುದು ನಿಜವಾದ್ದರಿಂದ ಆ ಕಟ್ಟುಕಥೆಯನ್ನು ಜನ ನಂಬಿದರು.

ಮುಂದಿನ ವಾರ ಅದೇ ತರಗತಿಗೆ ಹೋದಾಗ ಮೊದಲು ನಾನು ಹೇಳಿದ್ದು ತಪ್ಪು ಎಂದೆ. ಗಂಟಲು ಒಣಗಿತ್ತು. ಆಮೇಲೆ ಹೊವರ್ಡ್‌ನ ಒಂಬತ್ತು ವರ್ಷಗಳ ಬಗ್ಗೆ ಹೇಳಿದೆ. ಮೊದಲ ಸಲದಷ್ಟು ತರಗತಿ ಸ್ತಬ್ಧವಾಗಲಿಲ್ಲ. ಹಿಂದಿನ ಬೆಂಚಿನವರು ಮಾತಾಡುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ, ಡ್ರೂ ಹೋದ ಮೇಲೆ ಅರ್ಧ ತರಬೇತಿಯಲ್ಲಿದ್ದವರಿಗೆ ಯಾರು ಕಲಿಸಿದರು ಮಿಸ್ ಎಂದು ಕೇಳಿದಳು. ಅವರ ಜೊತೆಯಲ್ಲೇ ಕೆಲಸ ಮಾಡಿದವರು ಮುಂದುವರಿಸಿದರು, ಡ್ರೂ ಬಳಿ ಸ್ವಲ್ಪ ಕಾಲವಾದರೂ ಕಲಿತಿದ್ದ ಹದಿನಾಲ್ಕು ಜನ 1950ರ ನಂತರ ಮಾನ್ಯತೆ ಪಡೆದರು ಎಂದೆ. ಅವಳು ಎಂಟರ ಪಕ್ಕ ಹದಿನಾಲ್ಕು ಬರೆದು ಕೂಡಿಸಿಕೊಂಡಳು.